ಐದು ಊರು, ಒಂದು ನಾಡು

“ಅಪ್ಪಾ, ಜರ್ಮನಿಯನ್ನು ಒಂದುಗೂಡಿಸಿದವನು ಬಿಸ್ಮಾರ್ಕ್. ಹಾಗಾದರೆ ಕರ್ನಾಟಕವನ್ನು ಒಂದುಗೂಡಿಸಿದ ಬಿಸ್ಮಾರ್ಕ್ ಯಾರು?”

ಪರೀಕ್ಷೆಯ ಹಿಂದಿನ ರಾತ್ರಿ ಚರಿತ್ರೆಯ ಪುಸ್ತಕವನ್ನು ಮುಂದಿಟ್ಟುಕೊಂಡು ಮಗಳು ಕೇಳಿದ ಪ್ರಶ್ನೆ ಇದು. ನಾನು ಆಲೂರ ವೆಂಕಟರಾಯರ ಹೆಸರನ್ನು ಹೇಳಿದೆ. “ಅವರು ಯುದ್ಧ ಮಾಡಿದರೆ?” ಎಂದಳು. ಇಲ್ಲವೆಂದೆ. “ಮಂತ್ರಿಯಾಗಿದ್ದರೆ?” ಅದೂ ಇಲ್ಲ. “ಮತ್ತೆ ಹೇಗಾಯಿತು?” ಎಂದು ಕೇಳಿದಾಗ ನಾನು, “ಪರೀಕ್ಷೆ ಮುಗಿಯಲಿ, ತೋರಿಸುತ್ತೇನೆ” ಎಂದು ಹೇಳಿ ಅಂದಿಗೆ ಪಾರಾದೆ.

ಮಕ್ಕಳಿಗೆ ಕೊಟ್ಟ ಮಾತು ಸಾಲಕ್ಕಿಂತ ಕೆಟ್ಟದ್ದು. ರಜೆ ಬಂದೊಡನೆ ಅವಳು ಅದನ್ನು ನೆನಪಿಸಿದಳು. ಕೊನೆಗೆ ಕೈಚೀಲವೊಂದನ್ನು ಹೆಗಲಿಗೆ ಹಾಕಿಕೊಂಡು ತಂದೆ ಮಗಳಿಬ್ಬರೂ ಹೊರಟೆವು. ಹೋದದ್ದು ಧಾರವಾಡಕ್ಕೂ ಅಲ್ಲ, ಮೈಸೂರಿಗೂ ಅಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ಊರುಗಳ ಕಡೆಗೆ. ಇಂದು ಇವೆಲ್ಲ 2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಯ ತಾಲ್ಲೂಕು ಕೇಂದ್ರಗಳು. ಆದರೆ ನಾನು ಇವುಗಳನ್ನು ಆರಿಸಿಕೊಳ್ಳಲು ಕಾರಣ ಬೇರೆ. ಇಡೀ ಕನ್ನಡನಾಡು ಒಂದಾದದ್ದು 1956ರಲ್ಲಿ. ಈ ಸೀಮೆ ಮಾತ್ರ ಮೂರು ವರ್ಷ ಮೊದಲೇ, 1953ರಲ್ಲಿಯೇ, ಮದರಾಸನ್ನು ಬಿಟ್ಟು ಮೈಸೂರನ್ನು ಸೇರಿತು. ಹೊಸ ಮನೆಯ ಗೃಹಪ್ರವೇಶಕ್ಕೆ ಮುಂಚೆ ಹೊಸ್ತಿಲನ್ನು ಇಡುವಂತೆ, ಏಕೀಕರಣದ ಹೊಸ್ತಿಲು ಇಲ್ಲಿ ಇಡಲ್ಪಟ್ಟಿತು.

ಕೂಡ್ಲಿಗಿಯ ಸ್ಮಾರಕದ ಮುಂದೆ

ಚಿತ್ರದುರ್ಗವನ್ನು ಹಿಂದೆ ಬಿಟ್ಟು ಹೊಸಪೇಟೆಯ ಕಡೆಗೆ ಸಾಗುವ ಹೆದ್ದಾರಿಯ ಮೇಲೆ ಕೂಡ್ಲಿಗಿ ಇದೆ. ಹಂಪೆಗೆ ಹೋಗುವ ಯಾತ್ರಿಕರು ಇಲ್ಲಿ ಕಾಫಿ ಕುಡಿದು ಮುಂದೆ ಹೋಗುವುದೇ ಹೆಚ್ಚು. ಸುತ್ತಲೂ ಮಳೆಯನ್ನೇ ನಂಬಿದ ನೆಲ. ಜೋಳ, ಸೇಂಗಾ, ದಾರಿಯುದ್ದಕ್ಕೂ ಹುಣಸೆಯ ಮರಗಳು. ಪೂರ್ವಕ್ಕೆ ಹೋದರೆ ಬಂಡೆಗಳ ಮೇಲೆ ಬಂಡೆ ಪೇರಿಸಿದಂತಿರುವ ಗುಡೇಕೋಟೆ. ಅಲ್ಲಿ ಪಾಳೆಯಗಾರರ ಕೋಟೆಯೂ ಇದೆ, ಕರಡಿಗಳ ಧಾಮವೂ ಇದೆ.

ಊರಿನಲ್ಲಿ ನಾವು ಮೊದಲು ನೋಡಿದ್ದು ಹುತಾತ್ಮರ ಸ್ಮಾರಕವನ್ನು. ಮಹಾತ್ಮ ಗಾಂಧಿಯವರ ಚಿತಾಭಸ್ಮವನ್ನು ತಂದು ಇಲ್ಲಿ ಸ್ಥಾಪಿಸಿದ್ದಾರೆ. ಆ ನೆರಳಿನಲ್ಲಿ ಕುಳಿತು ಮಗಳಿಗೆ ಬಿಸ್ಮಾರ್ಕನ ಕಥೆಯನ್ನು ಹೇಳಬೇಕಾಗಿ ಬಂದದ್ದು ವಿಚಿತ್ರವೇ. ಪಾಠ ಅವಳಿಗೆ ಬಾಯಿಗೆ ಬಂದಿತ್ತು. ಅದರ ಎಳೆಯನ್ನು ಬಿಡಿಸಿ ತೋರಿಸುವುದಷ್ಟೇ ನನ್ನ ಕೆಲಸ.

ನೆಪೋಲಿಯನ್ನನ ಪತನದ ಅನಂತರ 1815ರಲ್ಲಿ ಯೂರೋಪಿನ ದೊರೆಗಳು ವಿಯೆನ್ನಾದಲ್ಲಿ ಕುಳಿತು, ಜರ್ಮನ್ ಭಾಷೆಯನ್ನಾಡುವ 39 ರಾಜ್ಯಗಳನ್ನು ಒಂದು ಸಡಿಲವಾದ ಒಕ್ಕೂಟದಲ್ಲಿ ಇಟ್ಟರು. ಅದರ ಅಧ್ಯಕ್ಷಪೀಠ ಆಸ್ಟ್ರಿಯಕ್ಕೆ ಸೇರಿತು. ಒಳಗೊಳಗೇ ಬೆಳೆಯುತ್ತಿದ್ದ ಶಕ್ತಿ ಪ್ರಷ್ಯ. 1834ರಲ್ಲಿ ಅದರ ಮುಂದಾಳುತನದಲ್ಲಿ ಸುಂಕದ ಒಕ್ಕೂಟವೊಂದು ಜಾರಿಗೆ ಬಂದು, ಅದರಲ್ಲಿ ಸೇರಿದ ರಾಜ್ಯಗಳ ನಡುವಣ ಸುಂಕದ ಕಟ್ಟೆಗಳು ಎದ್ದುಹೋದವು. ಆಸ್ಟ್ರಿಯ ಅದರ ಹೊರಗುಳಿಯಿತು. 1848ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಜನರ ಪ್ರತಿನಿಧಿಗಳೇ ಸಭೆ ಸೇರಿ ಸಂವಿಧಾನವನ್ನು ಬರೆದರು. ಮರುವರ್ಷ ಪ್ರಷ್ಯದ ದೊರೆಗೆ ಕಿರೀಟವನ್ನು ನೀಡಹೋದರು. ಪ್ರಜೆಗಳ ಕೈಯಿಂದ ಬಂದ ಕಿರೀಟ ಅವನಿಗೆ ಬೇಡವಾಯಿತು. ಮಾತಿನಿಂದ ಒಂದಾಗುವ ದಾರಿ ಅಲ್ಲಿಗೆ ಮುಚ್ಚಿತು.

1862ರಲ್ಲಿ ಪ್ರಧಾನಿಯಾದ ಬಿಸ್ಮಾರ್ಕ್, ಕಾಲದ ದೊಡ್ಡ ಪ್ರಶ್ನೆಗಳು ಭಾಷಣಗಳಿಂದಲ್ಲ, ರಕ್ತ ಮತ್ತು ಕಬ್ಬಿಣದಿಂದ ತೀರುತ್ತವೆ ಎಂದ. ಅದರಂತೆಯೇ ಮಾಡಿದ. 1864ರಲ್ಲಿ ಆಸ್ಟ್ರಿಯವನ್ನು ಜೊತೆಗೆ ಕರೆದುಕೊಂಡು ಡೆನ್ಮಾರ್ಕಿನ ಮೇಲೆ ಹೋದ. ಎರಡೇ ವರ್ಷಗಳಲ್ಲಿ ಇಟಲಿಯೊಡನೆ ಗುಟ್ಟಾಗಿ ಸಂಧಿ ಮಾಡಿಕೊಂಡು ಅದೇ ಆಸ್ಟ್ರಿಯದ ಮೇಲೆ ತಿರುಗಿಬಿದ್ದ. 1866ರ ಜುಲೈ 3ರಂದು ಕೋನಿಗ್‌ಗ್ರಾಟ್ಸ್‌ನಲ್ಲಿ ಅದನ್ನು ಸೋಲಿಸಿದ. ಗೆದ್ದ ಮೇಲೆ ಆಸ್ಟ್ರಿಯದಿಂದ ಒಂದು ಅಂಗುಲ ನೆಲವನ್ನೂ ಪ್ರಷ್ಯಕ್ಕೆಂದು ಕೀಳಲಿಲ್ಲ. ಮುಂದೆ ಅದು ಸೇಡಿಗೆ ನಿಲ್ಲಬಾರದೆಂಬ ಲೆಕ್ಕ. ಆದರೆ ಹ್ಯಾನೋವರ್, ನಾಸೌ ಮುಂತಾದ ಸಣ್ಣ ಜರ್ಮನ್ ರಾಜ್ಯಗಳನ್ನು ಪ್ರಷ್ಯ ನುಂಗಿಕೊಂಡಿತು. 1870ರ ಜುಲೈ 13ರಂದು ಎಮ್ಸ್ ಎಂಬ ಊರಿನಿಂದ ಬಂದ ತಂತಿಯೊಂದನ್ನು ಮೊಟಕುಗೊಳಿಸಿ, ಓದಿದ ಎರಡು ದೇಶಗಳಿಗೂ ತಮಗೇ ಅವಮಾನವಾಯಿತೆನಿಸುವಂತೆ ಪತ್ರಿಕೆಗಳಿಗೆ ಕೊಟ್ಟ. ಆರೇ ದಿನಗಳಲ್ಲಿ ಫ್ರಾನ್ಸ್ ಯುದ್ಧ ಸಾರಿತು. ಸೆಪ್ಟೆಂಬರಿನಲ್ಲಿ ಸೆಡಾನಿನಲ್ಲಿ ಅದರ ಚಕ್ರವರ್ತಿಯೇ ಸೆರೆಯಾದ. 1871ರ ಜನವರಿ 18ರಂದು ಜರ್ಮನ್ ಸಾಮ್ರಾಜ್ಯ ಘೋಷಣೆಯಾಯಿತು. ಅದು ಘೋಷಣೆಯಾದದ್ದು ಜರ್ಮನಿಯಲ್ಲಲ್ಲ, ಸೋತ ಫ್ರಾನ್ಸಿನ ವರ್ಸೇಲ್ಸ್ ಅರಮನೆಯಲ್ಲಿ.

“ಇಲ್ಲಿಯೂ ಯುದ್ಧಗಳಾದವೆ?” ಎಂದಳು ಮಗಳು.

ಆದವು, ಆದರೆ ಇಲ್ಲಿಯ ಯುದ್ಧಗಳೂ ಒಪ್ಪಂದಗಳೂ ನಾಡನ್ನು ಕೂಡಿಸಲಿಲ್ಲ, ಒಡೆದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ರಾಜ್ಯವನ್ನು ಗೆದ್ದವರು ಪಾಲು ಹಾಕಿದರು. ಕಂಪನಿಗೆ ಒಂದು ಪಾಲು, ನಿಜಾಮನಿಗೆ ಒಂದು ಪಾಲು, ಉಳಿದದ್ದು ಮೈಸೂರಿನ ಒಡೆಯರಿಗೆ. ಹರಪನಹಳ್ಳಿ, ಸೋಂದೆ, ಆನೆಗೊಂದಿ ಮುಂತಾದವುಗಳನ್ನು ಪೇಶ್ವೆಗೆಂದು ಎತ್ತಿಟ್ಟಿದ್ದರು. ಕಂಪನಿ ಹಾಕಿದ ಷರತ್ತುಗಳಿಗೆ ಪೇಶ್ವೆ ಒಪ್ಪದಿದ್ದುದರಿಂದ ಆ ಪಾಲನ್ನೂ ಕಂಪನಿ ಮತ್ತು ನಿಜಾಮ ಹಂಚಿಕೊಂಡರು. ಮರುವರ್ಷ, 1800ರ ಅಕ್ಟೋಬರ್ 12ರಂದು, ತನ್ನ ರಕ್ಷಣೆಗೆ ಕಂಪನಿ ಇಟ್ಟ ಸೈನ್ಯದ ವೆಚ್ಚಕ್ಕಾಗಿ, 1792 ಮತ್ತು 1799ರ ಯುದ್ಧಗಳಿಂದ ಬಂದ ನೆಲವನ್ನೆಲ್ಲ ನಿಜಾಮ ಕಂಪನಿಗೆ ಬಿಟ್ಟುಕೊಟ್ಟ. ಹಾಗೆ ಬಿಟ್ಟುಕೊಟ್ಟುದರಿಂದಲೇ ಬಳ್ಳಾರಿ, ಅನಂತಪುರ, ಕಡಪ ಪ್ರಾಂತಗಳಿಗೆ ‘ದತ್ತ ಮಂಡಲ’ವೆಂಬ ಹೆಸರು ಬಂದದ್ದು. ಗಡಿಯನ್ನು ನೆಟ್ಟಗೆ ಮಾಡಲು ಕೊಪ್ಪಳವನ್ನು ನಿಜಾಮನಿಗೇ ಉಳಿಸಿ ಅದರ ಬದಲು ಆದವಾನಿಯನ್ನು ಪಡೆದರು. ತುಂಗಭದ್ರೆ ಎರಡು ಸರಕಾರಗಳ ನಡುವಣ ಗೆರೆಯಾಯಿತು. ಥಾಮಸ್ ಮನ್ರೋ ಮುಖ್ಯ ಕಲೆಕ್ಟರನಾಗಿ ಬಂದು, ಪಾಳೆಯಗಾರರ ಬಲವನ್ನು ಮುರಿದು, ರೈತರಿಂದ ನೇರವಾಗಿ ಕಂದಾಯ ಪಡೆಯುವ ಏರ್ಪಾಡನ್ನು ಇಲ್ಲಿ ಹರಡಿದ. ಈ ನೆಲದ ರೈತನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಕೂಡ್ಲಿಗಿಯ ಕನ್ನಡಿಗ ಹೀಗೆ ಮದರಾಸಿನವನಾದ. ನೂರೈವತ್ತು ವರ್ಷಕ್ಕೂ ಮಿಕ್ಕಿ ಹಾಗೆಯೇ ಉಳಿದ.

ಕೊಟ್ಟೂರಿನ ದಾರಿಯಲ್ಲಿ

ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ಬಸ್ಸಿನಲ್ಲಿ ಎಂಬತ್ತು ದಾಟಿದ ಹಿರಿಯರೊಬ್ಬರು ನಮ್ಮ ಪಕ್ಕದಲ್ಲಿ ಕುಳಿತರು. ಬಿಳಿಯ ಪಟಗ, ಕೈಯಲ್ಲಿ ಊರುಗೋಲು. ಮಗಳ ಕೈಯಲ್ಲಿದ್ದ ಭೂಪಟವನ್ನು ನೋಡಿ, “ಏನವ್ವಾ ಹುಡುಕ್ತೀ?” ಎಂದು ಕೇಳಿದರು. ಅವಳು ವಿಷಯವನ್ನು ಹೇಳಿದಳು. ಅವರು ಬಹಳ ಹೊತ್ತು ಕಿಟಕಿಯಿಂದ ಹೊರಗೆ ನೋಡುತ್ತಿದ್ದು, ಆಮೇಲೆ ಬೆರಳನ್ನು ಭೂಪಟದ ಅಂಚಿನಲ್ಲಿದ್ದ ರಾಯದುರ್ಗದ ಮೇಲಿಟ್ಟರು.

“ನಮ್ಮ ಅಕ್ಕನ್ನ ಇಲ್ಲಿಗೆ ಕೊಟ್ಟಿದ್ರು ನೋಡವ್ವಾ. ಕೊಟ್ಟಾಗ ಒಂದೇ ಜಿಲ್ಲಾ. ತಿರುಗಿ ನೋಡಾದ್ರಾಗ ಬ್ಯಾರೆ ರಾಜ್ಯ.”

ಹಿರಿಯರ ಈ ಒಂದು ಮಾತಿನ ಹಿಂದೆ ಎಷ್ಟು ವರದಿಗಳಿವೆ, ಎಷ್ಟು ಸಭೆಗಳಿವೆ! ಪ್ರತ್ಯೇಕ ಆಂಧ್ರಕ್ಕಾಗಿ ಉಪವಾಸ ಕುಳಿತ ಪೊಟ್ಟಿ ಶ್ರೀರಾಮುಲು 1952ರ ಡಿಸೆಂಬರ್ 15ರಂದು ಪ್ರಾಣಬಿಟ್ಟರು. ನಾಲ್ಕು ದಿನಗಳಲ್ಲಿ ಪ್ರಧಾನಿ ನೆಹರೂ ಆಂಧ್ರ ರಾಜ್ಯದ ರಚನೆಯನ್ನು ಪ್ರಕಟಿಸಿದರು. ಆಗ ಎದ್ದ ಪ್ರಶ್ನೆ ಬಳ್ಳಾರಿಯದು. ಜಿಲ್ಲೆಯಲ್ಲಿ ಕನ್ನಡವೂ ತೆಲುಗೂ ಒಂದೇ ಬೀದಿಯಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ ಬಾಳುತ್ತಿದ್ದವು. ನ್ಯಾಯಮೂರ್ತಿ ವಾಂಛೂ ಅವರು ಪರಿಶೀಲಿಸಿ ವರದಿ ಕೊಟ್ಟರು. 1953ರ ಮಾರ್ಚ್ 25ರಂದು ತೀರ್ಮಾನ ಹೊರಬಿತ್ತು: ಆದವಾನಿ, ಆಲೂರು, ರಾಯದುರ್ಗ ಎಂಬ ಮೂರು ತಾಲ್ಲೂಕುಗಳು ಆಂಧ್ರಕ್ಕೆ, ಹರಪನಹಳ್ಳಿ, ಹಡಗಲಿ, ಹೊಸಪೇಟೆ, ಕೂಡ್ಲಿಗಿ, ಸಂಡೂರು, ಸಿರುಗುಪ್ಪ ಎಂಬ ಆರು ಮೈಸೂರಿಗೆ. ಬಳ್ಳಾರಿ ತಾಲ್ಲೂಕೊಂದು ಮಾತ್ರ ತಕ್ಕಡಿಯಲ್ಲಿ ಉಳಿಯಿತು. ಅದನ್ನು ಮತ್ತೆ ನ್ಯಾಯಮೂರ್ತಿ ಎಲ್. ಎಸ್. ಮಿಶ್ರರು ವಿಚಾರಿಸಿದರು, ಕೊನೆಗೆ ಅದೂ ಮೈಸೂರಿಗೇ ಬಂದಿತು. 1953ರ ಅಕ್ಟೋಬರ್ 1ರಂದು ಕರ್ನೂಲಿನಲ್ಲಿ ಆಂಧ್ರ ರಾಜ್ಯದ ಉದ್ಘಾಟನೆ. ಅದೇ ದಿನ ಈ ಏಳು ತಾಲ್ಲೂಕುಗಳು ಮೈಸೂರು ರಾಜ್ಯದ ಭಾಗ.

ಇದು ಬರಿಯ ಕಾಗದದ ಕೆಲಸವಾಗಿತ್ತೆಂದು ಯಾರೂ ತಿಳಿಯಬಾರದು. ಆ ವಸಂತದಲ್ಲಿಯೇ ಅದರಗುಂಚಿಯ ಶಂಕರಗೌಡ ಪಾಟೀಲರು ಕರ್ನಾಟಕದ ಏಕೀಕರಣಕ್ಕಾಗಿ ಉಪವಾಸ ಹೂಡಿದರು; ಏಪ್ರಿಲ್ 19ರಂದು ಹುಬ್ಬಳ್ಳಿಯಲ್ಲಿ ಜನ ರೊಚ್ಚಿಗೆದ್ದರು. ಬಳ್ಳಾರಿಯಲ್ಲಿ ವಿಜಯೋತ್ಸವಕ್ಕೆ ಹಾಕಿದ ಚಪ್ಪರವನ್ನು ಕಾಯುತ್ತಿದ್ದ ಪಿಂಜಾರ ರಂಜಾನ್ ಸಾಬ್ ಎಂಬಾತ ಸೆಪ್ಟೆಂಬರ್ 30ರ ರಾತ್ರಿ ಆಮ್ಲ ತುಂಬಿದ ಬಲ್ಬಿನ ದಾಳಿಗೆ ಬಲಿಯಾದ. ಬೆಳಗಾದರೆ ಹಬ್ಬ. ರಾಜರ ಸೈನ್ಯಗಳು ಕಾದಿದ ಯುದ್ಧ ಇಲ್ಲಿರಲಿಲ್ಲ ನಿಜ. ಆದರೆ ರಕ್ತ ಬೀಳಲೇ ಇಲ್ಲವೆಂದರೆ ಆತನಿಗೆ ಅನ್ಯಾಯವಾದೀತು.

“ಆಗ ನಾನು ನಾಲ್ಕನೆ ಇಯತ್ತೆ,” ಎಂದರು ಹಿರಿಯರು. “ಮಾಸ್ತರು ಪೆಪ್ಪರಮೆಂಟು ಹಂಚಿದ್ರು. ಖುಷಿಲೆ ಮನಿಗೆ ಓಡಿಬಂದ್ರ ಅವ್ವ ಒಲಿ ಮುಂದ ಕುಂತು ಅಳತಿದ್ಲು. ಮಗಳು ಪರಸ್ಥಳ ಆದ್ಲು ಅಂತ. ಅಕ್ಕ ಇರೋತನಕ ಕನ್ನಡದಾಗೇ ಕಾಗದ ಬರೆದ್ಲು. ಅಕಿ ಮಕ್ಳಿಗೆ ಮಾತು ಬರ್ತೈತಿ, ಓದಾಕ ಬರಲ್ಲ. ಮೊಮ್ಮಕ್ಳು ಫೋನಿನಾಗ ತೆಲುಗಿನಾಗ ಮಾತಾಡ್ತಾವ.”

“ತಪ್ಪು ಯಾರದು ಅಜ್ಜಾ?” ಎಂದು ಮಗಳು ಕೇಳಿಯೇಬಿಟ್ಟಳು.

“ಯಾರದೂ ಅಲ್ಲವ್ವಾ. ಗೆರಿ ಎಲ್ಲೋ ಒಂದು ಕಡೆ ಎಳೀಲೇಬೇಕಿತ್ತು. ಅದು ನಮ್ಮ ಮನಿ ಮ್ಯಾಲೆ ಬಿತ್ತು, ಅಷ್ಟೆ.”

ಕೊಟ್ಟೂರು ಬಂದಿತು. ಕೊಟ್ಟೂರೇಶ್ವರನ ಕ್ಷೇತ್ರವಾದ ಈ ಊರಿನ ರಥೋತ್ಸವಕ್ಕೆ ದೂರದೂರದಿಂದ ಭಕ್ತರು ಕಾಲ್ನಡಿಗೆಯಲ್ಲಿ ಬರುತ್ತಾರೆ. ಹಿರಿಯರು ಗುಡಿಯ ದಿಕ್ಕಿಗೆ ಕೈಮುಗಿದು ಇಳಿದುಹೋದರು. ನಾವು ಗುಡಿಯ ದರ್ಶನ ಮಾಡಿ, ಒಗ್ಗರಣೆ ಮಂಡಕ್ಕಿಯನ್ನೂ ಮೆಣಸಿನಕಾಯಿ ಬಜ್ಜಿಯನ್ನೂ ತಿಂದು, ರೈಲುನಿಲ್ದಾಣವನ್ನು ನೋಡಲು ಹೋದೆವು. ಬ್ರಿಟಿಷರ ಕಾಲದಲ್ಲಿ ಹೊಸಪೇಟೆಯಿಂದ ಬಂದ ಕಿರಿದಳಿಯ ದಾರಿ ಇಲ್ಲಿಗೆ ಮುಗಿಯುತ್ತಿತ್ತು. ಮುಂದೆ ಹರಿಹರ, ಆದರೆ ಹರಿಹರ ಮೈಸೂರು ಸೀಮೆ. ಆ ಕೊನೆಯ ತುಂಡು ದಾರಿ ಕೂಡಿಕೊಂಡು ಗಾಡಿ ಓಡುವುದಕ್ಕೆ 2010ರ ದಶಕ ಬರಬೇಕಾಯಿತು. ಕಾಗದದ ಮೇಲಿನ ಗಡಿ ಒಂದು ದಿನದಲ್ಲಿ ಅಳಿಯುತ್ತದೆ. ನೆಲದ ಮೇಲಿನ ಗಡಿಗೆ ಎರಡು ತಲೆಮಾರು ಹಿಡಿಯುತ್ತದೆ.

ಹಗರಿಬೊಮ್ಮನಹಳ್ಳಿ: ನೀರಿನ ಲೆಕ್ಕ

ಕೊಟ್ಟೂರಿನಿಂದ ಉತ್ತರಕ್ಕೆ ನಡೆದರೆ ಹಗರಿಬೊಮ್ಮನಹಳ್ಳಿ. ಚಿಕ್ಕ ಹಗರಿಯ ಹೆಸರನ್ನು ಹೊತ್ತ ಈ ಊರು 1953ರಲ್ಲಿ ತಾಲ್ಲೂಕು ಕೇಂದ್ರವಾಗಿರಲಿಲ್ಲ; ಈ ಭಾಗದಲ್ಲಿ ಆಗ ಕೇಳಿಬರುತ್ತಿದ್ದುದು ಮಲ್ಲಾಪುರ ಉಪತಾಲ್ಲೂಕೆಂಬ ಹೆಸರು. ಊರಿನಿಂದ ಸ್ವಲ್ಪ ದೂರ ಹೋದರೆ ತುಂಗಭದ್ರಾ ಜಲಾಶಯದ ಹಿನ್ನೀರು. ಅಣೆಕಟ್ಟೆಯ ಶಂಕುಸ್ಥಾಪನೆಯಾದದ್ದು 1945ರಲ್ಲಿ. ನದಿಯ ಒಂದು ದಡ ಮದರಾಸಿನದು, ಇನ್ನೊಂದು ನಿಜಾಮನದು. ಆದ್ದರಿಂದ ಎರಡು ಸರಕಾರಗಳೂ ತಂತಮ್ಮ ದಡದಿಂದ ಕಟ್ಟಲು ತೊಡಗಿದವು. ನೀರು ನಿಂತಾಗ ನಾರಾಯಣದೇವರಕೆರೆಯಂಥ ಊರುಗಳು ಮುಳುಗಿದವು. ಜನ ದೇವರನ್ನೂ ಪಾತ್ರೆ ಪಡಗಗಳನ್ನೂ ಹೊತ್ತು ಬೇರೆಡೆ ಹೋಗಿ ನೆಲೆಸಿದರು.

ಈ ನೀರೇ ಏಕೀಕರಣದ ಲೆಕ್ಕವನ್ನು ಇನ್ನೊಮ್ಮೆ ಕಲಕಿತು. 1953ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ರಾಜ್ಯಗಳ ಪುನರ್ವಿಂಗಡಣಾ ಆಯೋಗವನ್ನು ನೇಮಿಸಿತು. ಫಜಲ್ ಆಲಿ ಅಧ್ಯಕ್ಷರು. ಹೃದಯನಾಥ ಕುಂಜ್ರು, ಸರ್ದಾರ್ ಕೆ. ಎಂ. ಪಣಿಕ್ಕರ್ ಸದಸ್ಯರು. 1955ರ ಸೆಪ್ಟೆಂಬರಿನಲ್ಲಿ ಅವರ ವರದಿ ಬಂದಿತು. ಕನ್ನಡನಾಡು ಒಂದಾಗಬೇಕೆಂದು ಅವರು ಒಪ್ಪಿದರು. ಆದರೆ ತುಂಗಭದ್ರಾ ಯೋಜನೆಯ ಹಿತವನ್ನು ಮುಂದಿಟ್ಟು, ಎರಡು ವರ್ಷ ಹಿಂದೆ ಮೈಸೂರಿಗೆ ಬಂದಿದ್ದ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲ್ಲೂಕುಗಳನ್ನೂ ಮಲ್ಲಾಪುರ ಉಪತಾಲ್ಲೂಕಿನ ಸಣ್ಣದೊಂದು ಭಾಗವನ್ನೂ ಆಂಧ್ರಕ್ಕೆ ಕೊಡಬೇಕೆಂದರು.

ಓದುಗರು ಭೂಪಟವನ್ನು ಒಮ್ಮೆ ಬಿಡಿಸಿ ನೋಡಬೇಕು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಕರ್ನಾಟಕದಲ್ಲಿಯೇ ಉಳಿಯುತ್ತಿದ್ದವು. ಆದರೆ ಅವುಗಳ ಪೇಟೆಯಾದ ಹೊಸಪೇಟೆ, ಕಚೇರಿಯಾದ ಬಳ್ಳಾರಿ, ವಿರೂಪಾಕ್ಷನ ಹಂಪೆ, ಇವೆಲ್ಲ ಆಚೆ ಸೇರುತ್ತಿದ್ದವು. 1936ರಲ್ಲಿ ವಿಜಯನಗರದ ಆರುನೂರನೆಯ ವರ್ಷದ ಉತ್ಸವ ನಡೆದು ಕನ್ನಡಿಗರೆಲ್ಲರ ಎದೆಯಲ್ಲಿ ಏಕೀಕರಣದ ಕಿಚ್ಚನ್ನು ಹೊತ್ತಿಸಿದ್ದು ಇದೇ ಹಂಪೆಯಲ್ಲಿ. ಸಭೆಗಳು ಸೇರಿದವು, ಮನವಿಗಳು ಹೋದವು, ಶಾಸನಸಭೆಯಲ್ಲಿಯೂ ಪಾರ್ಲಿಮೆಂಟಿನಲ್ಲಿಯೂ ವಾದಗಳಾದವು. ಕೊನೆಗೆ 1956ರ ಕಾಯಿದೆಯಲ್ಲಿ ಆಯೋಗದ ಈ ಸಲಹೆಯನ್ನು ಬಿಡಲಾಯಿತು. ನೀರಿನ ಹಂಚಿಕೆಗೆ ಬೇರೆ ದಾರಿ ಅದಾಗಲೇ ಸಿದ್ಧವಾಗಿತ್ತು. 1953ರಲ್ಲಿ ಸ್ಥಾಪಿತವಾದ ತುಂಗಭದ್ರಾ ಮಂಡಲಿ ಇಂದಿಗೂ ಹೊಸಪೇಟೆಯ ಬಳಿ ಕುಳಿತು ರಾಜ್ಯ ರಾಜ್ಯಗಳ ನಡುವೆ ನೀರನ್ನು ಅಳೆದು ಕೊಡುತ್ತದೆ.

“ಬಿಸ್ಮಾರ್ಕ್ ಆಗಿದ್ದರೆ ಏನು ಮಾಡುತ್ತಿದ್ದ?” ಎಂದಳು ಮಗಳು.

ಅವನು ಆಲ್ಸೇಸ್ ಲೊರೇನ್ ಪ್ರಾಂತಗಳಲ್ಲಿ ಏನು ಮಾಡಿದನೋ ಅದನ್ನೇ ಮಾಡುತ್ತಿದ್ದನೇನೋ. ಫ್ರಾನ್ಸಿನಿಂದ ಅವುಗಳನ್ನು ಕಿತ್ತುಕೊಂಡ ಗಾಯ ಮಾಯಲೇ ಇಲ್ಲ. ನಲವತ್ತೇಳು ವರ್ಷಗಳ ಅನಂತರ, 1918ರಲ್ಲಿ, ಅವು ಮತ್ತೊಂದು ಮಹಾಯುದ್ಧದ ಬೆಲೆ ತೆತ್ತು ಫ್ರಾನ್ಸಿಗೆ ಮರಳಿದವು. ಇಲ್ಲಿ ಜಗಳವಾಡಿದ ಎರಡು ರಾಜ್ಯಗಳು ಒಂದೇ ಅಣೆಕಟ್ಟೆಯ ನೀರನ್ನು ಕುಡಿಯುತ್ತಿವೆ. ಬೇಸಗೆಯಲ್ಲಿ ಗೊಣಗಾಟವಿದೆ, ನಿಜ. ಆದರೆ ಗೊಣಗಾಟವೇ ಬೇರೆ, ಫಿರಂಗಿಯೇ ಬೇರೆ.

ಮೈಲಾರದ ಬಯಲು

ಹಡಗಲಿಗೆ ‘ಹೂವಿನ ಹಡಗಲಿ’ ಎಂದೇ ಪ್ರಸಿದ್ಧಿ. ಹಿಂದೆ ಇಲ್ಲಿಂದ ಹಂಪೆಯ ದೇವರಿಗೆ ಹೊಳೆಯ ಮೇಲೆ ಹಡಗಿನಲ್ಲಿ ಹೂ ಹೋಗುತ್ತಿತ್ತೆಂದೂ, ಆದ್ದರಿಂದಲೇ ಈ ಹೆಸರೆಂದೂ ಜನ ಹೇಳುತ್ತಾರೆ. ಹಡಗಲಿಯ ಮಲ್ಲಿಗೆಗೆ ಇಂದು ಭೌಗೋಳಿಕ ಸೂಚಿಯ ಮನ್ನಣೆಯೂ ಸಿಕ್ಕಿದೆ. ನಾವು ಇಳಿದಾಗ ಹೆಂಗಸೊಬ್ಬಳು ಒದ್ದೆ ಬಟ್ಟೆಯಲ್ಲಿ ಮೊಗ್ಗು ಸುತ್ತಿಟ್ಟುಕೊಂಡು ಕುಳಿತಿದ್ದಳು. ಮಗಳ ಜಡೆಗೆ ಒಂದು ಮೊಳ ಕೊಂಡು ಮೈಲಾರದ ಬಸ್ಸು ಹತ್ತಿದೆವು.

ತುಂಗಭದ್ರೆಯ ದಡದ ಈ ಮೈಲಾರದಲ್ಲಿ ಪ್ರತಿ ವರ್ಷ ಭರತ ಹುಣ್ಣಿಮೆಯ ಸುಮಾರಿಗೆ ದೊಡ್ಡ ಜಾತ್ರೆ. ಗೊರವಯ್ಯ ಎತ್ತರದ ಬಿಲ್ಲನ್ನೇರುತ್ತಾನೆ. ಬಯಲು ತುಂಬಿದ ಜನ ಉಸಿರು ಬಿಗಿಹಿಡಿಯುತ್ತಾರೆ. ಅವನು ಒಂದೇ ಸಾಲಿನ ಕಾರಣಿಕವನ್ನು ನುಡಿದು ಕೆಳಕ್ಕೆ ಬೀಳುತ್ತಾನೆ. ಮಳೆ ಹೇಗೆ, ಬೆಳೆ ಹೇಗೆ, ರಾಜ್ಯದ ಗತಿ ಹೇಗೆ ಎಂದು ಆ ಒಂದು ಸಾಲಿನಿಂದ ವರ್ಷವಿಡೀ ಅರ್ಥ ಮಾಡುತ್ತಾರೆ.

ನಾವು ಹೋದಾಗ ಜಾತ್ರೆಯಿರಲಿಲ್ಲ. ಬಯಲು ಖಾಲಿಯಾಗಿತ್ತು. ಹೊಳೆಯ ದಡದಲ್ಲಿ ನಿಂತು ಮಗಳಿಗೆ ಆಚೆ ದಡವನ್ನು ತೋರಿಸಿದೆ. ಸ್ವಾತಂತ್ರ್ಯಕ್ಕೆ ಮುಂಚೆ ಅದು ಧಾರವಾಡ ಜಿಲ್ಲೆ, ಎಂದರೆ ಮುಂಬಯಿ ಸರಕಾರ. ಹೊಳೆಗುಂಟ ಕೆಳಕ್ಕೆ ಹೋದರೆ ಕೊಪ್ಪಳ, ನಿಜಾಮನ ಸರಕಾರ. ತೆಂಕಣಕ್ಕೆ ಹರಿಹರ, ಮೈಸೂರು ಮಹಾರಾಜರ ಸರಕಾರ. ನಿಂತ ನೆಲ ಮದರಾಸು. ಒಂದು ಹೊಳೆಯ ಇಕ್ಕೆಲಗಳಲ್ಲಿ ನಾಲ್ಕು ಸರಕಾರಗಳು! ಆದರೂ ಜಾತ್ರೆಯ ದಿನ ನಾಲ್ಕು ಸರಕಾರಗಳ ಪ್ರಜೆಗಳೂ ಇದೇ ಬಯಲಿನಲ್ಲಿ ನಿಂತು ಒಂದೇ ಸಾಲನ್ನು ಕೇಳುತ್ತಿದ್ದರು. ಅದನ್ನು ಯಾರಿಗೂ ಅನುವಾದ ಮಾಡಿ ಹೇಳಬೇಕಾಗಿರಲಿಲ್ಲ.

ಜರ್ಮನರನ್ನು ಮೊದಲು ಕೂಡಿಸಿದ್ದು ಸುಂಕದ ಒಕ್ಕೂಟ. ನಮ್ಮವರನ್ನು ಕೂಡಿಸಿದ್ದು ಇಂಥ ಜಾತ್ರೆಗಳು, ರಥಗಳು, ಹೆಣ್ಣು ಕೊಟ್ಟು ತರುವ ಬಳಕೆ. ಅನಂತರ ಬಂದವು 1890ರ ಧಾರವಾಡದ ವಿದ್ಯಾವರ್ಧಕ ಸಂಘ, 1915ರ ಸಾಹಿತ್ಯ ಪರಿಷತ್ತು, ಆಲೂರರ ಲೇಖನಿ. ಸಂಘಗಳವರು ಹೊಸ ಐಕ್ಯವನ್ನು ಹುಟ್ಟಿಸಲಿಲ್ಲ. ಬಯಲಿನಲ್ಲಿದ್ದ ಐಕ್ಯಕ್ಕೆ ಅರ್ಜಿ ಬರೆದುಕೊಟ್ಟರು.

ಹರಪನಹಳ್ಳಿಯ ಕೋಟೆ

ಕೊನೆಯದು ಹರಪನಹಳ್ಳಿ. ಈ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ದೇವಾಲಯ ಶಿಲ್ಪಪ್ರಿಯರು ನೋಡಲೇಬೇಕಾದದ್ದು; ಉಚ್ಚಂಗಿದುರ್ಗದ ಬೆಟ್ಟವಂತೂ ಒಂದು ಇಡೀ ದಿನವನ್ನು ಬೇಡುತ್ತದೆ. ನಮ್ಮನ್ನೆಲ್ಲ ನಗಿಸಿದ ಬೀಚಿಯವರು ಹುಟ್ಟಿದ್ದು ಇದೇ ಊರಿನಲ್ಲಿ, 1913ರಲ್ಲಿ.

ಇಲ್ಲಿಯ ಪಾಳೆಯಗಾರರು ಒಂದು ಕಾಲಕ್ಕೆ ಬಲಶಾಲಿಗಳು. 1748ರ ಸುಮಾರಿಗೆ ಮಾಯಕೊಂಡದಲ್ಲಿ ನಡೆದ ಯುದ್ಧವನ್ನು ನೋಡಿದರೆ ಬಿಸ್ಮಾರ್ಕನ ಕಾಲದ ಜರ್ಮನಿಯೇ ಕಣ್ಣ ಮುಂದೆ ಬರುತ್ತದೆ. ಒಂದು ಕಡೆ ಚಿತ್ರದುರ್ಗದ ಮದಕರಿ ನಾಯಕ, ಅವನ ಜೊತೆ ಚಂದಾ ಸಾಹೇಬ. ಇನ್ನೊಂದು ಕಡೆ ಬಿದನೂರು, ರಾಯದುರ್ಗ, ಸವಣೂರುಗಳೊಡನೆ ಕೈಜೋಡಿಸಿದ ಹರಪನಹಳ್ಳಿಯ ಸೋಮಶೇಖರ ನಾಯಕ. ಮದಕರಿ ನಾಯಕ ಅಲ್ಲಿಯೇ ಮಡಿದ. ಚಂದಾ ಸಾಹೇಬ ಸೆರೆಸಿಕ್ಕ. ಸಂಧಿಯಿತ್ತು, ಶೌರ್ಯವಿತ್ತು, ಗೆಲುವೂ ಇತ್ತು. ಆದರೆ ಅದರಿಂದ ಕಟ್ಟಿದ್ದು ಏನು? ನೆರೆಯವನನ್ನು ಕೆಡವಿದ ಪಾಳೆಯಪಟ್ಟುಗಳನ್ನು ಮುಂದೆ ಹೈದರನೂ ಟಿಪ್ಪುವೂ ಒಂದೊಂದಾಗಿ ಅಡಗಿಸಿದರು. ಅವರಿಂದ ಕಂಪನಿ ಕಸಿದುಕೊಂಡಿತು. ಅವಕ್ಕೆ ಬಿಸ್ಮಾರ್ಕನ ಉಪಾಯಗಳೆಲ್ಲ ತಿಳಿದಿದ್ದವು. ಒಂದು ನಾಡೆಂಬ ಕಲ್ಪನೆ ಮಾತ್ರ ಇರಲಿಲ್ಲ.

ಆ ಕಲ್ಪನೆ ಬಂದಾಗ ಕೆಲಸ ಬೇರೆ ರೀತಿಯಲ್ಲಿ ನಡೆಯಿತು. ಜರ್ಮನಿಯಲ್ಲಿ ಎಲ್ಲಕ್ಕಿಂತ ಬಲವಾದ ಪ್ರಷ್ಯವೇ ಮುಂದೆ ನಿಂತು ಉಳಿದವರನ್ನು ಎಳೆದುಕೊಂಡಿತು. ಇಲ್ಲಿ ಎಲ್ಲಕ್ಕಿಂತ ಸುಸ್ಥಿತಿಯಲ್ಲಿದ್ದ ಮೈಸೂರು ಹಿಂದೆಗೆದದ್ದೇ ಹೆಚ್ಚು. ಹಿಂದುಳಿದ ಜಿಲ್ಲೆಗಳನ್ನು ಸೇರಿಸಿಕೊಂಡರೆ ತಮ್ಮ ಏಳಿಗೆಗೆ ಕುಂದು ಬಂದೀತೆಂದು ಅಲ್ಲಿ ಹಲವರು ಹೆದರಿದರು. ಆಗಿನ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ಆ ವಿರೋಧದ ನಡುವೆಯೂ ಏಕೀಕರಣದ ಪರ ನಿಂತರು. ಪ್ರಷ್ಯದ ದೊರೆ ಚಕ್ರವರ್ತಿಯಾದ. ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರು ಏಕೀಕರಣವನ್ನು ಬೆಂಬಲಿಸಿ, ಹೊಸ ರಾಜ್ಯದಲ್ಲಿ ರಾಜ್ಯಪಾಲರ ಹುದ್ದೆಯನ್ನು ವಹಿಸಿಕೊಂಡರು. 1956ರ ನವೆಂಬರ್ 1ರಂದು ಹುಟ್ಟಿದ ಆ ರಾಜ್ಯದ ಮೊದಲ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪನವರು.

“ಅವರು ಹುಟ್ಟಿದ್ದು ಎಲ್ಲಿ ಗೊತ್ತೆ?” ಎಂದು ಮಗಳನ್ನು ಕೇಳಿದೆ. ಅವಳು ಚಿತ್ರದುರ್ಗವೆಂದಳು. ಚಿತ್ರದುರ್ಗದಲ್ಲಿ ವಕೀಲಿ ಮಾಡಿದ್ದರಿಂದ ಎಲ್ಲರೂ ಹಾಗೆಯೇ ತಿಳಿಯುತ್ತಾರೆ. ಆದರೆ 1902ರಲ್ಲಿ ಅವರು ಹುಟ್ಟಿದ್ದು ಇದೇ ಹರಪನಹಳ್ಳಿ ತಾಲ್ಲೂಕಿನ ಹಲುವಾಗಲಿನಲ್ಲಿ. ಹುಟ್ಟಿನಿಂದ ಮದರಾಸಿನವರು, ವೃತ್ತಿಯಿಂದ ಮೈಸೂರಿನವರು. ಎರಡನ್ನೂ ಕೂಡಿಸಿದ ರಾಜ್ಯವನ್ನು ಮೊದಲು ಆಳಿದವರು ಅವರು. ಗಡಿಯ ಎರಡು ಬದಿಗಳಲ್ಲಿಯೂ ಬದುಕಿದವರಿಗೇ ಗಡಿಯ ಸಂಕಟ ತಿಳಿಯುವುದು.

ಹಾಗೆಂದು ಎಲ್ಲವೂ ಅಂದೇ ಮುಗಿಯಲಿಲ್ಲ. ನಾಡಿಗೆ ಕರ್ನಾಟಕವೆಂಬ ಹೆಸರು ಬರಲು 1973ರ ನವೆಂಬರ್ 1ರವರೆಗೆ ಕಾಯಬೇಕಾಯಿತು. ಕಾಸರಗೋಡು ಹೊರಗೇ ಉಳಿಯಿತು. ಜರ್ಮನ್ ನುಡಿಯ ಆಸ್ಟ್ರಿಯ ಜರ್ಮನಿಯ ಹೊರಗುಳಿದಂತೆ, ಪ್ರತಿಯೊಂದು ಏಕೀಕರಣಕ್ಕೂ ಒಬ್ಬ ಹೊರಗುಳಿದವನಿರುತ್ತಾನೆ. ಹರಪನಹಳ್ಳಿಯನ್ನೇ ನೋಡಿ: 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು. ಹಿಂದುಳಿದ ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನ ದೊರೆತಾಗ, ಬೇರೆ ಜಿಲ್ಲೆಯಲ್ಲಿದ್ದ ಕಾರಣ ಆ ಸೌಲಭ್ಯ ಇದಕ್ಕೆ ತಪ್ಪಿತು. ಜನ ಹೋರಾಡಿ ಸೌಲಭ್ಯವನ್ನು ಪಡೆದು, ಮತ್ತೆ ಬಳ್ಳಾರಿಗೆ ಮರಳಿ, ಈಗ ವಿಜಯನಗರ ಜಿಲ್ಲೆಯವರಾಗಿದ್ದಾರೆ. ಗೆರೆ ಜರುಗಿದಾಗಲೆಲ್ಲ ಯಾರದೋ ಮನೆಯ ಮಗುವಿನ ಕಾಲೇಜಿನ ಸೀಟು, ಯಾರದೋ ನೌಕರಿ ಅದರ ಜೊತೆಗೆ ಜರುಗುತ್ತದೆ.

ಮರುದಿನ ಹರಪನಹಳ್ಳಿಯಿಂದ ಹರಿಹರದ ರೈಲನ್ನು ಹತ್ತಿದೆವು. ಎದುರಿಗೆ ಕುಳಿತಿದ್ದ ತಾಯಿಯೊಬ್ಬಳು ಮಗುವಿಗೆ ಬುತ್ತಿ ಬಿಚ್ಚಿ ತಿನ್ನಿಸುತ್ತಿದ್ದಳು. ಮಗಳು ತನ್ನ ಟಿಪ್ಪಣಿ ಪುಸ್ತಕವನ್ನು ತೆರೆದು, ‘ಕರ್ನಾಟಕದ ಬಿಸ್ಮಾರ್ಕ್’ ಎಂದು ಮೊದಲೇ ಬರೆದುಕೊಂಡಿದ್ದ ಸಾಲಿನ ಮುಂದೆ ಹೆಸರುಗಳನ್ನು ಬರೆಯತೊಡಗಿದಳು: ಆಲೂರರು, ಶಂಕರಗೌಡರು, ರಂಜಾನ್ ಸಾಬ್, ಹನುಮಂತಯ್ಯ, ನಿಜಲಿಂಗಪ್ಪ. ಸ್ವಲ್ಪ ಹೊತ್ತು ಯೋಚಿಸಿ, ಕೆಳಗೆ ‘ರಾಯದುರ್ಗದ ಅಕ್ಕ’ ಎಂದೂ ಸೇರಿಸಿದಳು. ಆಮೇಲೆ ‘ಬಿಸ್ಮಾರ್ಕ್’ ಎಂಬ ಮಾತನ್ನು ಹೊಡೆದುಹಾಕಿದಳು.

ತೆಲಗಿ ಹಿಂದಾಯಿತು. ಹೊಲಗಳು ಸಾಲುಸಾಲಾಗಿ ಓಡುತ್ತಿದ್ದವು. ಅವಳು ಕಿಟಕಿಯಿಂದ ಕತ್ತು ನೀಡಿ, “ಅಪ್ಪಾ, ಮದರಾಸು ಮುಗಿದು ಮೈಸೂರು ಶುರುವಾಗುವ ಆ ಗಡಿ ಎಲ್ಲಿ ಬರುತ್ತದೆ?” ಎಂದು ಕೇಳಿದಳು.

ನಾನು ಹೊರಗೆ ನೋಡಿದೆ. ಹರಿಹರ ಹತ್ತಿರವಾಗುತ್ತಿತ್ತು.

“ಆಗಲೇ ದಾಟಿಬಿಟ್ಟೆವಮ್ಮಾ,” ಎಂದೆ.